ಮಾಸ್ಟರ್ಸ್ ಈಜು ಸ್ಪರ್ಧೆಗಳ ಉಡುಪು ನಿಯಮಗಳು

ಮಾಸ್ಟರ್ಸ್ ಈಜು ಎಂಬುದು ವಯಸ್ಕರಿಗಾಗಿ ನಡೆಯುವ ಹವ್ಯಾಸಿ ಈಜು ಸ್ಪರ್ಧೆಗಳ ವ್ಯವಸ್ಥೆ. ಅಂತಾರಾಷ್ಟ್ರೀಯ ಮಟ್ಟದಲ್ಲಿ 25 ವರ್ಷ ತುಂಬಿದ ಯಾರು ಬೇಕಾದರೂ ಇದರಲ್ಲಿ ಭಾಗವಹಿಸಬಹುದು. ಸ್ಪರ್ಧಿಗಳನ್ನು ಐದೈದು ವರ್ಷಗಳ ವಯೋವರ್ಗಗಳಾಗಿ ವಿಂಗಡಿಸಲಾಗುತ್ತದೆ. ಈ ಸ್ಪರ್ಧೆಗಳಲ್ಲಿ ಧರಿಸುವ ಈಜುಡುಗೆಯ ಆಕಾರ, ಬಟ್ಟೆ, ದಪ್ಪ ಮತ್ತು ತೇಲುವ ಗುಣಕ್ಕೆ ನಿಶ್ಚಿತ ಮಿತಿಗಳಿವೆ. ಒಲಿಂಪಿಕ್ಸ್ ಈಜುಗಾರರಿಗೆ ಅನ್ವಯಿಸುವ ಉಡುಪು ನಿಯಮಗಳೇ ಬಹುಮಟ್ಟಿಗೆ ಮಾಸ್ಟರ್ಸ್ ಈಜುಗಾರರಿಗೂ ಅನ್ವಯಿಸುತ್ತವೆ. ಗೆಲುವನ್ನು ಈಜುಗಾರನ ದೇಹ ಮತ್ತು ಅಭ್ಯಾಸಗಳು ನಿರ್ಧರಿಸಬೇಕೇ ಹೊರತು ಮೈಮೇಲಿನ ಬಟ್ಟೆಯಲ್ಲ ಎಂಬುದು ಈ ನಿಯಮಗಳ ಮೂಲ ಆಶಯವಾಗಿದೆ.

ಹಿನ್ನೆಲೆ

ಸಂಘಟಿತ ಮಾಸ್ಟರ್ಸ್ ಈಜು ಅಮೆರಿಕದಲ್ಲಿ ಆರಂಭವಾಯಿತು. ನೌಕಾಪಡೆಯ ವೈದ್ಯ ರಾನ್ಸಮ್ ಆರ್ಥರ್ ಹಾಗೂ ಈಜು ತರಬೇತುದಾರ ಜಾನ್ ಸ್ಪಾನುತ್ ಅವರ ಪ್ರಯತ್ನದಿಂದ 1970ರ ಮೇ ತಿಂಗಳಿನಲ್ಲಿ ಟೆಕ್ಸಾಸ್ ರಾಜ್ಯದ ಅಮರಿಲ್ಲೊ ನಗರದಲ್ಲಿ ಮೊದಲ ರಾಷ್ಟ್ರೀಯ ಮಾಸ್ಟರ್ಸ್ ಸ್ಪರ್ಧೆ ನಡೆಯಿತು. ಸ್ಪರ್ಧೆಯ ಗುರಿಯೊಂದು ಮುಂದಿದ್ದರೆ ವಯಸ್ಕರು ವ್ಯಾಯಾಮವನ್ನು ಅರ್ಧಕ್ಕೆ ಬಿಡುವುದಿಲ್ಲ ಎಂಬುದು ಆರ್ಥರ್ ಅವರ ನಿಲುವಾಗಿತ್ತು.

ಅಂತಾರಾಷ್ಟ್ರೀಯ ಈಜು ಒಕ್ಕೂಟದ ಮೊದಲ ವಿಶ್ವ ಮಾಸ್ಟರ್ಸ್ ಚಾಂಪಿಯನ್‌ಶಿಪ್ 1986ರಲ್ಲಿ ಜಪಾನಿನ ಟೋಕಿಯೊದಲ್ಲಿ ಜರುಗಿತು. 1908ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಈ ಒಕ್ಕೂಟವು ಬಹುಕಾಲ ಫಿನಾ ಎಂಬ ಹೆಸರಿನಿಂದ ಪರಿಚಿತವಾಗಿತ್ತು. 2022ರ ಡಿಸೆಂಬರಿನಲ್ಲಿ ಅದು ವರ್ಲ್ಡ್ ಅಕ್ವಾಟಿಕ್ಸ್ ಎಂಬ ಹೊಸ ಹೆಸರನ್ನು ಪಡೆಯಿತು. 2015ರ ಕಜಾನ್ ಕೂಟದಿಂದ ಈಚೆಗೆ ಮಾಸ್ಟರ್ಸ್ ಚಾಂಪಿಯನ್‌ಶಿಪ್‌ಗಳು ಮುಖ್ಯ ವಿಶ್ವ ಚಾಂಪಿಯನ್‌ಶಿಪ್‌ನ ಬೆನ್ನಿಗೇ, ಅದೇ ಆತಿಥೇಯರಲ್ಲಿ ನಡೆಯುತ್ತಿವೆ. ಈ ಕೂಟಗಳಲ್ಲಿ ಈಜುಗಾರರು ತಮ್ಮ ದೇಶವನ್ನಲ್ಲ, ತಮ್ಮ ಕ್ಲಬ್ಬನ್ನು ಪ್ರತಿನಿಧಿಸುತ್ತಾರೆ.

ಈಜುಡುಗೆಯ ಬೆಳವಣಿಗೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಪರ್ಧಾಳುಗಳು ಉಣ್ಣೆ, ಹತ್ತಿ ಅಥವಾ ರೇಷ್ಮೆಯ ಉಡುಪುಗಳನ್ನು ಧರಿಸುತ್ತಿದ್ದರು. ನೀರು ಹೀರಿದ ಉಣ್ಣೆಯ ಉಡುಪು ಭಾರವಾಗಿ ಜೋಲುತ್ತಿತ್ತು. ಆ ಕಾಲದ ನಿಯಮಗಳಿಗೆ ವೇಗಕ್ಕಿಂತ ಮರ್ಯಾದೆಯ ಪ್ರಶ್ನೆ ಮುಖ್ಯವಾಗಿತ್ತು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯದ ಕ್ಲೇರ್ ಡೆನಿಸ್ ಅವರ ಉಡುಪು ಬೆನ್ನಿನ ಭಾಗವನ್ನು ಹೆಚ್ಚು ತೆರೆದು ತೋರಿಸುತ್ತದೆ ಎಂಬ ಆಕ್ಷೇಪ ಬಂದಿತ್ತು. ಆಕ್ಷೇಪ ತಳ್ಳಿಹೋಗಿ, ಅವರು 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಚಿನ್ನದ ಪದಕ ಗೆದ್ದರು.

ನೈಲಾನ್ ಮತ್ತು 1958ರಲ್ಲಿ ರೂಪುಗೊಂಡ ಸ್ಪ್ಯಾಂಡೆಕ್ಸ್ ನೂಲಿನಿಂದಾಗಿ ಉಡುಪುಗಳು ಹಗುರವಾಗಿ, ಮೈಗೆ ಅಂಟಿಕೊಳ್ಳುವಂತಾದವು. ಅಲ್ಲಿಂದ ಹಲವು ದಶಕಗಳ ಕಾಲ ಉಡುಪು ಚಿಕ್ಕದಾದಷ್ಟೂ ಒಳ್ಳೆಯದೆಂಬ ನಂಬಿಕೆಯಿತ್ತು. 2000ದ ಸಿಡ್ನಿ ಒಲಿಂಪಿಕ್ಸ್ ವೇಳೆಗೆ ಇದು ತಿರುಗುಮುರುಗಾಯಿತು. ಆ ಕೂಟದಲ್ಲಿ ಇಯಾನ್ ಥೋರ್ಪ್ ಸೇರಿದಂತೆ ಹಲವರು ಮೈಯ ಬಹುಭಾಗವನ್ನು ಮುಚ್ಚುವ ಉಡುಪು ಧರಿಸಿ ಈಜಿದರು.

2008ರ ಫೆಬ್ರವರಿಯಲ್ಲಿ ಸ್ಪೀಡೊ ಸಂಸ್ಥೆಯು ಎಲ್‌ಝಡ್‌ಆರ್ ರೇಸರ್ ಎಂಬ ಉಡುಪನ್ನು ಹೊರತಂದಿತು. ಇದರಲ್ಲಿ ಪಾಲಿಯುರೇಥೇನ್ ಪಟ್ಟಿಗಳಿದ್ದವು. ಅದೇ ವರ್ಷದ ಬೀಜಿಂಗ್ ಒಲಿಂಪಿಕ್ಸ್‌ನ ಈಜಿನಲ್ಲಿ 25 ವಿಶ್ವದಾಖಲೆಗಳು ನಿರ್ಮಾಣವಾದವು. ಬೇರೆ ತಯಾರಕರು ಇನ್ನೂ ಮುಂದೆ ಹೋಗಿ ಪೂರ್ತಿಯಾಗಿ ಪಾಲಿಯುರೇಥೇನ್‌ನಿಂದಲೇ ಉಡುಪುಗಳನ್ನು ತಯಾರಿಸಿದರು. 2009ರ ರೋಮ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 43 ವಿಶ್ವದಾಖಲೆಗಳು ಮುರಿದುಬಿದ್ದವು. ಜರ್ಮನಿಯ ಪಾಲ್ ಬೀಡರ್‌ಮನ್ ಅಲ್ಲಿ ಮೈಕೆಲ್ ಫೆಲ್ಪ್ಸ್ ಅವರನ್ನು ಸೋಲಿಸಿ, 200 ಮೀಟರ್ ಫ್ರೀಸ್ಟೈಲ್ ಅನ್ನು 1 ನಿಮಿಷ 42.00 ಸೆಕೆಂಡುಗಳಲ್ಲಿ ಮುಗಿಸಿದರು. ತಮ್ಮ ಗೆಲುವಿನಲ್ಲಿ ಉಡುಪಿನ ಪಾಲಿದೆಯೆಂಬುದನ್ನು ಬೀಡರ್‌ಮನ್ ಮುಚ್ಚಿಡಲಿಲ್ಲ. ಇಂಥ ಉಡುಪುಗಳು ಹೋಗುವವರೆಗೆ ಫೆಲ್ಪ್ಸ್ ಅಂತಾರಾಷ್ಟ್ರೀಯ ಕೂಟಗಳಿಂದ ದೂರ ಉಳಿಯಬಹುದು ಎಂದು ಅವರ ತರಬೇತುದಾರ ಬಾಬ್ ಬೌಮನ್ ಎಚ್ಚರಿಸಿದರು.

ಅದೇ ಜುಲೈನಲ್ಲಿ ರೋಮ್‌ನಲ್ಲಿ ಸೇರಿದ್ದ ಒಕ್ಕೂಟದ ಮಹಾಸಭೆಯು 168–6 ಮತಗಳಿಂದ ಬಟ್ಟೆಯಲ್ಲದ ಉಡುಪುಗಳನ್ನು ನಿಷೇಧಿಸಲು ತೀರ್ಮಾನಿಸಿತು. ನಿಷೇಧವು 2010ರ ಜನವರಿ 1ರಿಂದ ಮುಖ್ಯ ಸ್ಪರ್ಧೆಗಳಲ್ಲಿ ಜಾರಿಗೆ ಬಂದಿತು. ಮಾಸ್ಟರ್ಸ್ ಸ್ಪರ್ಧೆಗಳೂ ಇದರ ವ್ಯಾಪ್ತಿಗೆ ಸೇರಿದವು.

ನಿಷೇಧದ ಕಾರಣಗಳು

ನೀರಿನಲ್ಲಿ ಈಜುವವರಿಗೆ ಎದುರಾಗುವ ದೊಡ್ಡ ಅಡಚಣೆಯೆಂದರೆ ನೀರಿನ ಪ್ರತಿರೋಧ. ಪಾಲಿಯುರೇಥೇನ್ ಉಡುಪುಗಳು ಇದನ್ನು ಎರಡು ರೀತಿಯಲ್ಲಿ ತಗ್ಗಿಸುತ್ತಿದ್ದವು. ಮೊದಲನೆಯದಾಗಿ, ಅವು ದೇಹವನ್ನು ಬಿಗಿಯಾಗಿ ಒತ್ತಿ ಹಿಡಿದು ಅದಕ್ಕೆ ನಯವಾದ ಕೊಳವೆಯಂಥ ಆಕಾರ ನೀಡುತ್ತಿದ್ದವು. ಎರಡನೆಯದಾಗಿ, ನೀರು ಒಳನುಗ್ಗದ ಪದರವು ಗಾಳಿಯನ್ನು ಹಿಡಿದಿಟ್ಟು ದೇಹವನ್ನು ಸ್ವಲ್ಪ ಮೇಲಕ್ಕೆ ಎತ್ತುತ್ತಿತ್ತು. ದೇಹ ಎಷ್ಟು ಮೇಲೆ ತೇಲುತ್ತದೆಯೋ ಅಷ್ಟು ಕಡಿಮೆ ನೀರನ್ನು ಅದು ತಳ್ಳಬೇಕಾಗುತ್ತದೆ.

ಮಾಸ್ಟರ್ಸ್ ಈಜಿನಲ್ಲಿ ಈ ಪ್ರಶ್ನೆಗೆ ಬೇರೆಯೇ ತೂಕವಿತ್ತು. ಬಿಗಿಯುಡುಪು ಸಡಿಲವಾದ ಹೊಟ್ಟೆ ಮತ್ತು ತೊಡೆಗಳನ್ನು ಒತ್ತಿ ಹಿಡಿಯುವುದರಿಂದ, ಕಟ್ಟುಮಸ್ತಾದ ಕ್ರೀಡಾಪಟುವಿಗಿಂತ ನಡುವಯಸ್ಸಿನ ಹವ್ಯಾಸಿಗೆ ಹೆಚ್ಚು ನೆರವಾಗುತ್ತದೆ ಎಂಬ ವಾದವಿತ್ತು. ಕಾಲು ಮುಳುಗುವ ತೊಂದರೆಯಿರುವವರಿಗೆ ತೇಲಿಸುವ ಉಡುಪು ಅಭ್ಯಾಸದ ಕೊರತೆಯನ್ನೇ ಮುಚ್ಚಿಬಿಡುತ್ತಿತ್ತು. ಬೆಲೆಯೂ ಒಂದು ಕಾರಣವಾಗಿತ್ತು. ಸುಮಾರು 500 ಡಾಲರ್ ಬೆಲೆಯ ಉಡುಪು ಕೆಲವೇ ಸ್ಪರ್ಧೆಗಳಿಗೆ ಬಾಳಿಕೆ ಬರುತ್ತಿತ್ತು. ಸ್ವಂತ ಖರ್ಚಿನಲ್ಲಿ ಈಜುವ ನೌಕರರು ಹಾಗೂ ನಿವೃತ್ತರ ನಡುವೆ, ಕೊಳ್ಳಬಲ್ಲವರು ಮತ್ತು ಕೊಳ್ಳಲಾರದವರು ಎಂಬ ಭೇದವನ್ನು ಅದು ಸೃಷ್ಟಿಸುತ್ತಿತ್ತು.

ಇನ್ನೊಂದೆಡೆ, ಮೈಮುಚ್ಚುವ ಉಡುಪಿನಿಂದಾಗಿಯೇ ಸಂಕೋಚ ಬಿಟ್ಟು ಕೊಳಕ್ಕೆ ಇಳಿದವರೂ ಇದ್ದರು. ಸ್ಪರ್ಧೆಯ ಸಮಾನತೆ ಹಾಗೂ ವ್ಯಕ್ತಿಯ ನೆಮ್ಮದಿ ಇವೆರಡರ ನಡುವಿನ ಈ ಎಳೆದಾಟ ಇಂದಿಗೂ ಪೂರ್ತಿಯಾಗಿ ಮುಗಿದಿಲ್ಲ.

ಪ್ರಸ್ತುತ ನಿಯಮಗಳು

ಆಕಾರ: ಪುರುಷರ ಉಡುಪು ಹೊಕ್ಕುಳಿನಿಂದ ಮೇಲಕ್ಕೂ ಮೊಣಕಾಲಿನಿಂದ ಕೆಳಕ್ಕೂ ಹೋಗುವಂತಿಲ್ಲ. ಮಹಿಳೆಯರ ಉಡುಪು ಕುತ್ತಿಗೆಯನ್ನು ಮುಚ್ಚುವಂತಿಲ್ಲ, ಭುಜವನ್ನು ದಾಟುವಂತಿಲ್ಲ, ಮೊಣಕಾಲಿನಿಂದ ಕೆಳಕ್ಕೆ ಇಳಿಯುವಂತಿಲ್ಲ. ಇವು ಗರಿಷ್ಠ ಮಿತಿಗಳು. ಇದಕ್ಕಿಂತ ಚಿಕ್ಕ ಉಡುಪಿಗೆ ಅಡ್ಡಿಯಿಲ್ಲ.

ಸಂಖ್ಯೆ: ಒಂದೇ ಉಡುಪನ್ನು ಧರಿಸಬೇಕು. ಅದು ಒಂದು ಅಥವಾ ಎರಡು ತುಂಡುಗಳದ್ದಾಗಿರಬಹುದು. ಒಂದರ ಮೇಲೊಂದು ಉಡುಪು ಧರಿಸುವುದು ನಿಷಿದ್ಧ. ತೋಳುಪಟ್ಟಿ, ಕಾಲುಪಟ್ಟಿ ಮುಂತಾದವುಗಳನ್ನು ಉಡುಪಿನ ಭಾಗವೆಂದು ಪರಿಗಣಿಸಲಾಗುವುದಿಲ್ಲ.

ಬಟ್ಟೆ: ಉಡುಪನ್ನು ನೇಯ್ದ ಅಥವಾ ಹೆಣೆದ ಬಟ್ಟೆಯಿಂದಲೇ ತಯಾರಿಸಿರಬೇಕು. ಜಿಪ್ ಹಾಗೂ ಇತರ ಬಿಗಿಯುವ ಸಾಧನಗಳಿಗೆ ಅವಕಾಶವಿಲ್ಲ. ಪುರುಷರ ಉಡುಪಿನ ಸೊಂಟದ ದಾರಕ್ಕೆ ಮಾತ್ರ ವಿನಾಯಿತಿಯಿದೆ.

ದಪ್ಪ: ಬಟ್ಟೆಯ ದಪ್ಪ 0.8 ಮಿಲಿಮೀಟರ್ ಮೀರಬಾರದು.

ತೇಲುವ ಗುಣ: ಉಡುಪಿನ ತೇಲುಬಲವು 0.5 ನ್ಯೂಟನ್ ದಾಟಬಾರದು. ಇದು ಸುಮಾರು 50 ಗ್ರಾಂ ತೂಕದ ವಸ್ತುವನ್ನು ಎತ್ತಿ ಹಿಡಿಯಲು ಬೇಕಾಗುವಷ್ಟು ಬಲ. ಬಟ್ಟೆಯೊಳಗಿನ ಗಾಳಿಯನ್ನು ನಿರ್ವಾತದಿಂದ ತೆಗೆದ ಬಳಿಕ ಇದನ್ನು ಅಳೆಯಲಾಗುತ್ತದೆ.

ಗಾಳಿ ಹಾಯುವ ಗುಣ: ಎಲ್ಲ ದಿಕ್ಕುಗಳಿಗೂ ಶೇಕಡಾ 25ರಷ್ಟು ಹಿಗ್ಗಿಸಿದ ಸ್ಥಿತಿಯಲ್ಲಿ, ಪ್ರತಿ ಚದರ ಮೀಟರ್ ಬಟ್ಟೆಯ ಮೂಲಕ ಸೆಕೆಂಡಿಗೆ 80 ಲೀಟರಿಗಿಂತ ಹೆಚ್ಚು ಗಾಳಿ ಹಾದುಹೋಗಬೇಕು. ಗಾಳಿ ಹಾಯುವ ಬಟ್ಟೆಯು ಗಾಳಿಯನ್ನು ಹಿಡಿದಿಟ್ಟು ತೇಲಿಸಲಾರದು ಎಂಬುದು ಈ ಮಾನಕದ ತಾತ್ಪರ್ಯ.

ಸಭ್ಯತೆ: ಉಡುಪು ಪಾರದರ್ಶಕವಾಗಿರಬಾರದು. ಅದು ಸದಭಿರುಚಿಗೆ ಒಪ್ಪುವಂತಿರಬೇಕು ಹಾಗೂ ಅದರ ಮೇಲೆ ಆಕ್ಷೇಪಾರ್ಹ ಚಿಹ್ನೆಗಳಿರಬಾರದು.

ಇತರ ಸಾಧನಗಳು: ವೇಗ, ತೇಲುವಿಕೆ ಅಥವಾ ದಮ್ಮನ್ನು ಹೆಚ್ಚಿಸುವ ಕೈಗವಸು, ಈಜುರೆಕ್ಕೆ, ಅಂಟುಲೇಪ ಮುಂತಾದವುಗಳನ್ನು ಬಳಸುವಂತಿಲ್ಲ. ಈಜುಕನ್ನಡಕ ಧರಿಸಬಹುದು. ಮೈಮೇಲೆ ಪಟ್ಟಿ ಅಂಟಿಸಿಕೊಳ್ಳಲು ಅನುಮತಿ ಬೇಕು.

ಮಂಜೂರಾತಿ ಮತ್ತು ತಪಾಸಣೆ

ತಯಾರಕರು ತಮ್ಮ ಉಡುಪುಗಳನ್ನು ಮುಂಚಿತವಾಗಿ ಒಕ್ಕೂಟಕ್ಕೆ ಸಲ್ಲಿಸಿ ಪರೀಕ್ಷೆಗೆ ಒಳಪಡಿಸಬೇಕು. ಪರೀಕ್ಷಾ ವಿಧಾನಗಳನ್ನು ರೂಪಿಸುವಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿರುವ ಇಪಿಎಫ್‌ಎಲ್ ತಾಂತ್ರಿಕ ಸಂಸ್ಥೆಯ ಪ್ರಯೋಗಾಲಯ ಪ್ರಮುಖ ಪಾತ್ರ ವಹಿಸಿತು. ತೇರ್ಗಡೆಯಾದ ಮಾದರಿಗಳು ಒಕ್ಕೂಟದ ಮಂಜೂರಾದ ಉಡುಪುಗಳ ಪಟ್ಟಿಗೆ ಸೇರುತ್ತವೆ. ಅಂಥ ಉಡುಪಿನ ಹಿಂಭಾಗದಲ್ಲಿ ಒಕ್ಕೂಟದ ಮುದ್ರೆ ಹಾಗೂ ಸಂಕೇತ ಸಂಖ್ಯೆಯಿರುವ ಚಿಕ್ಕ ಪಟ್ಟಿ ಇರುತ್ತದೆ. ಹೆಸರು ಬದಲಾಗುವ ಮೊದಲು ತಯಾರಾದ ಉಡುಪುಗಳಲ್ಲಿ ಫಿನಾ ಮುದ್ರೆಯನ್ನೇ ಕಾಣಬಹುದು.

ನಿಯಮಕ್ಕೆ ಹೊಂದದ ಉಡುಪು ಧರಿಸಿದವರನ್ನು ಸ್ಪರ್ಧೆಯಿಂದ ಹೊರಗಿಡುವ ಅಧಿಕಾರ ಮುಖ್ಯ ತೀರ್ಪುಗಾರರಿಗಿದೆ. ಮಾರುಕಟ್ಟೆಯಲ್ಲಿ ರೇಸಿಂಗ್ ಉಡುಪು ಎಂಬ ಹೆಸರಿನಿಂದ ಮಾರಾಟವಾಗುವುದೆಲ್ಲವೂ ಮಂಜೂರಾದದ್ದಲ್ಲ. ಹಾಗೆಯೇ ದುಬಾರಿಯಾದದ್ದೆಲ್ಲ ಕಡ್ಡಾಯವೂ ಅಲ್ಲ. ಮಿತಿಯೊಳಗಿನ ಆಕಾರದ, ಮಂಜೂರಾದ ಸರಳ ಬಟ್ಟೆಯ ಉಡುಪಿನಲ್ಲಿಯೇ ವಿಶ್ವಮಟ್ಟದ ಕೂಟದಲ್ಲಿ ಈಜಬಹುದು.

ವಿನಾಯಿತಿಗಳು

ವಯಸ್ಕರ ದೇಹಗಳು ಒಂದೇ ಅಚ್ಚಿನವಲ್ಲ. ಸ್ತನ ಶಸ್ತ್ರಚಿಕಿತ್ಸೆಗೆ ಒಳಗಾದವರು, ಸುಟ್ಟ ಗಾಯದ ಕಲೆಗಳಿರುವವರು, ಬಿಸಿಲನ್ನು ತಾಳದ ಚರ್ಮರೋಗವಿರುವವರು, ಧಾರ್ಮಿಕ ಆಚರಣೆಯಿಂದಾಗಿ ಮೈಮುಚ್ಚಬೇಕಾದವರು ಮಾಸ್ಟರ್ಸ್ ಸ್ಪರ್ಧೆಗಳಿಗೆ ಬರುತ್ತಾರೆ. ಅಮೆರಿಕದ ಮಾಸ್ಟರ್ಸ್ ಸಂಸ್ಥೆಯ ನಿಯಮಗಳಲ್ಲಿ ಧಾರ್ಮಿಕ ನಂಬಿಕೆ ಅಥವಾ ವೈದ್ಯಕೀಯ ಕಾರಣಗಳಿಗಾಗಿ ಹೆಚ್ಚು ಮೈಮುಚ್ಚುವ ಉಡುಪಿಗೆ ವಿನಾಯಿತಿ ಕೋರಲು ಅವಕಾಶವಿದೆ. ಅಂಥ ಉಡುಪು ವೇಗಕ್ಕೆ ಅನುಕೂಲ ಮಾಡಿಕೊಡಬಾರದು ಎಂಬುದು ಇದರ ಹಿಂದಿನ ತತ್ತ್ವ. ಸಡಿಲವಾದ ಬಟ್ಟೆ ನೀರಿನ ಪ್ರತಿರೋಧವನ್ನು ಹೆಚ್ಚಿಸುವುದರಿಂದ ಧರಿಸಿದವರಿಗೇ ಅದರ ನಷ್ಟ.

ಈಜುಟೋಪಿಯ ವಿಷಯದಲ್ಲಿಯೂ ಇಂಥದೇ ಪ್ರಶ್ನೆ ಎದ್ದಿತ್ತು. ಗುಂಗುರು ಹಾಗೂ ದಟ್ಟ ಕೂದಲಿನವರಿಗಾಗಿ ತಯಾರಿಸಿದ ಸೋಲ್ ಕ್ಯಾಪ್ ಎಂಬ ದೊಡ್ಡ ಟೋಪಿಯನ್ನು 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಮುನ್ನ ಫಿನಾ ನಿರಾಕರಿಸಿತು. ಕಪ್ಪು ಜನಾಂಗದ ಈಜುಗಾರರನ್ನು ಇದು ಹೊರಗಿಡುತ್ತದೆ ಎಂಬ ವ್ಯಾಪಕ ಟೀಕೆ ಬಂದಿತು. 2022ರಲ್ಲಿ ಆ ಟೋಪಿಗೆ ಮಂಜೂರಾತಿ ದೊರೆಯಿತು.

ತೆರೆದ ನೀರಿನ ಈಜು

ಸಮುದ್ರ, ಸರೋವರ ಹಾಗೂ ನದಿಗಳಲ್ಲಿ ನಡೆಯುವ ಸ್ಪರ್ಧೆಗಳಿಗೆ ಪ್ರತ್ಯೇಕ ನಿಯಮಗಳಿವೆ. ಇಲ್ಲಿ ಬಟ್ಟೆಯ ಉಡುಪು ಪುರುಷರಿಗೂ ಮಹಿಳೆಯರಿಗೂ ಭುಜದಿಂದ ಕಣಕಾಲಿನವರೆಗೆ ಇರಬಹುದು. ನೀರಿನ ತಾಪಮಾನ ಕಡಿಮೆಯಿರುವಾಗ ವೆಟ್‌ಸೂಟ್ ಎಂಬ ದಪ್ಪನೆಯ ರಬ್ಬರಿನಂಥ ಉಡುಪು ಬಳಕೆಗೆ ಬರುತ್ತದೆ. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ 2017ರಿಂದ ನೀರು 18 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ವೆಟ್‌ಸೂಟ್ ಕಡ್ಡಾಯ, 18ರಿಂದ 20 ಡಿಗ್ರಿಯ ನಡುವೆ ಐಚ್ಛಿಕ ಎಂಬ ನಿಯಮ ಜಾರಿಗೆ ಬಂದಿತು. ವೆಟ್‌ಸೂಟಿನ ದಪ್ಪಕ್ಕೆ 3ರಿಂದ 5 ಮಿಲಿಮೀಟರ್ ಮಿತಿಯನ್ನು ಗೊತ್ತುಮಾಡಲಾಯಿತು.

ವೆಟ್‌ಸೂಟ್ ದೇಹವನ್ನು ತೇಲಿಸುವುದು ನಿಜವಾದರೂ ಇಲ್ಲಿ ಸಮಾನತೆಗಿಂತ ಸುರಕ್ಷತೆ ಮುಂದೆ ಬರುತ್ತದೆ. ತಣ್ಣೀರಿನಲ್ಲಿ ದೇಹದ ಶಾಖ ಬೇಗನೆ ಕಡಿಮೆಯಾಗುತ್ತದೆ. ಹಿರಿಯ ವಯಸ್ಸಿನವರಿಗೆ ಈ ಅಪಾಯ ಇನ್ನೂ ಹೆಚ್ಚು. ಅಮೆರಿಕದ ಮಾಸ್ಟರ್ಸ್ ಸ್ಪರ್ಧೆಗಳಲ್ಲಿ ವೆಟ್‌ಸೂಟ್ ಧರಿಸಿದವರನ್ನು ಬಟ್ಟೆಯ ಉಡುಪಿನವರಿಂದ ಬೇರೆಯಾದ ವರ್ಗದಲ್ಲಿ ಪರಿಗಣಿಸುವ ಪದ್ಧತಿಯಿದೆ.

ಸ್ಪರ್ಧೆಯ ಇತರ ಮಾನಕಗಳು

ವಯೋವರ್ಗ: ವೈಯಕ್ತಿಕ ಸ್ಪರ್ಧೆಗಳಲ್ಲಿ 25–29, 30–34, 35–39 ಎಂಬ ಕ್ರಮದಲ್ಲಿ ವರ್ಗಗಳು ಆರಂಭವಾಗಿ ನೂರು ವರ್ಷದ ಆಚೆಗೂ ಮುಂದುವರಿಯುತ್ತವೆ. ಸ್ಪರ್ಧೆ ನಡೆಯುವ ವರ್ಷದ ಡಿಸೆಂಬರ್ 31ರಂದು ಈಜುಗಾರನಿಗೆ ಎಷ್ಟು ವಯಸ್ಸಾಗಿರುತ್ತದೆ ಎಂಬುದೇ ಲೆಕ್ಕ. ಆಸ್ಟ್ರೇಲಿಯದ ಜಾರ್ಜ್ ಕೊರೋನ್ಸ್ 2018ರ ಫೆಬ್ರವರಿಯಲ್ಲಿ 50 ಮೀಟರ್ ಫ್ರೀಸ್ಟೈಲ್ ಅನ್ನು 56.12 ಸೆಕೆಂಡುಗಳಲ್ಲಿ ಈಜಿ 100–104ರ ವರ್ಗದಲ್ಲಿ ದಾಖಲೆ ನಿರ್ಮಿಸಿದಾಗ ಅವರಿಗೆ 99 ವರ್ಷ. ಆ ವರ್ಷ ಮುಗಿಯುವುದರೊಳಗೆ ಅವರಿಗೆ ನೂರು ತುಂಬಲಿದ್ದುದರಿಂದ ಅವರು ಆ ವರ್ಗಕ್ಕೆ ಅರ್ಹರಾಗಿದ್ದರು.

ರಿಲೇ: ನಾಲ್ವರು ಈಜುಗಾರರ ವಯಸ್ಸನ್ನು ಕೂಡಿಸಿ 100–119, 120–159, 160–199 ಎಂಬಂತೆ ತಂಡದ ವರ್ಗವನ್ನು ನಿರ್ಧರಿಸಲಾಗುತ್ತದೆ. ಉದಾಹರಣೆಗೆ 39, 40, 40 ಮತ್ತು 40 ವರ್ಷದವರ ತಂಡದ ಒಟ್ಟು ವಯಸ್ಸು 159 ಆಗಿದ್ದು 120–159ರ ವರ್ಗಕ್ಕೆ ಸೇರುತ್ತದೆ. ಮರುವರ್ಷ ಅದೇ ತಂಡದ ಒಟ್ಟು ವಯಸ್ಸು 163 ಆಗಿ ಮುಂದಿನ ವರ್ಗಕ್ಕೆ ಹೋಗುತ್ತದೆ. ಇಬ್ಬರು ಪುರುಷರು ಹಾಗೂ ಇಬ್ಬರು ಮಹಿಳೆಯರ ಮಿಶ್ರ ರಿಲೇಗಳೂ ಇವೆ. ತಂಡದ ಎಲ್ಲರೂ ಒಂದೇ ಕ್ಲಬ್ಬಿನವರಾಗಿರಬೇಕು.

ಸ್ಪರ್ಧಾಕ್ರಮ: ಸಾಮಾನ್ಯವಾಗಿ ಪೂರ್ವಭಾವಿ ಸುತ್ತು ಹಾಗೂ ಅಂತಿಮ ಸುತ್ತು ಎಂಬ ಭೇದವಿರುವುದಿಲ್ಲ. ಪ್ರತಿಯೊಬ್ಬರೂ ಒಂದು ಸಲ ಈಜುತ್ತಾರೆ. ಆ ಸಮಯವೇ ಅಂತಿಮ. ಯಾರೂ ಒಂಟಿಯಾಗಿ ಈಜಬೇಕಾಗದಂತೆ ಬೇರೆ ಬೇರೆ ವಯೋವರ್ಗದವರನ್ನು ಒಟ್ಟಿಗೆ ಈಜಿಸಿ, ಫಲಿತಾಂಶವನ್ನು ಮಾತ್ರ ವರ್ಗವಾರು ಪ್ರಕಟಿಸಬಹುದು. ವಿಶ್ವ ಚಾಂಪಿಯನ್‌ಶಿಪ್‌ಗೆ ಪ್ರತಿ ವಯೋವರ್ಗಕ್ಕೂ ಅರ್ಹತಾ ಸಮಯಗಳನ್ನು ಗೊತ್ತುಮಾಡಲಾಗುತ್ತದೆ.

ಸಡಿಲಿಕೆಗಳು: ಎತ್ತರದ ಕಟ್ಟೆಯಿಂದ ಧುಮುಕಲಾಗದವರು ಕೊಳದ ಅಂಚಿನಿಂದ ಇಲ್ಲವೇ ನೀರಿನೊಳಗಿನಿಂದಲೇ ಈಜು ಆರಂಭಿಸಬಹುದು. ಬಟರ್‌ಫ್ಲೈ ಶೈಲಿಯಲ್ಲಿ ಬ್ರೆಸ್ಟ್‌ಸ್ಟ್ರೋಕ್‌ನ ಕಾಲ್ಚಲನೆಗೆ ಅನುಮತಿಯಿದೆ. ಮುಖ್ಯ ಸ್ಪರ್ಧೆಗಳಲ್ಲಿ ಇದಕ್ಕೆ ಅನರ್ಹತೆಯೇ ಗತಿ. ದೇಹದ ಶಕ್ತಿ ಕುಂದಿದವರಿಗೆ ನಿಯಮ ಬಾಗುತ್ತದೆ. ಆದರೆ ಸಾಧನದಿಂದ ಶಕ್ತಿ ಪಡೆಯುವವರಿಗೆ ಬಾಗುವುದಿಲ್ಲ.

ದಾಖಲೆಗಳು: 25 ಮೀಟರ್ ಹಾಗೂ 50 ಮೀಟರ್ ಕೊಳಗಳಿಗೆ ಬೇರೆ ಬೇರೆ ದಾಖಲೆ ಪಟ್ಟಿಗಳಿವೆ. ದಾಖಲೆಯ ಮಾನ್ಯತೆಗೆ ವಯಸ್ಸಿನ ಪುರಾವೆ, ಕೊಳದ ಉದ್ದದ ಅಳತೆ, ಸಮಯದ ಅಧಿಕೃತ ದಾಖಲೆ ಹಾಗೂ ನಿಯಮಬದ್ಧ ಉಡುಪು ಅಗತ್ಯ. ಜಪಾನಿನ ಮಿಯೆಕೊ ನಗಾವೊಕ 2015ರ ಏಪ್ರಿಲಿನಲ್ಲಿ ಮತ್ಸುಯಾಮಾದಲ್ಲಿ 1500 ಮೀಟರ್ ಫ್ರೀಸ್ಟೈಲ್ ಅನ್ನು 1 ಗಂಟೆ 15 ನಿಮಿಷ 54.39 ಸೆಕೆಂಡುಗಳಲ್ಲಿ ಪೂರ್ಣಗೊಳಿಸಿ, ಆ ದೂರವನ್ನು ಸ್ಪರ್ಧೆಯಲ್ಲಿ ಈಜಿದ ಮೊದಲ ಶತಾಯುಷಿ ಎನಿಸಿದರು. ಎಂಬತ್ತರ ಆಸುಪಾಸಿನಲ್ಲಿ ಮೊಣಕಾಲು ನೋವಿನ ಉಪಶಮನಕ್ಕಾಗಿ ಅವರು ಈಜನ್ನು ಕೈಗೊಂಡಿದ್ದರು.

ಭಾರತದಲ್ಲಿ

ಭಾರತೀಯ ಈಜು ಒಕ್ಕೂಟವು ರಾಷ್ಟ್ರೀಯ ಮಾಸ್ಟರ್ಸ್ ಈಜು ಚಾಂಪಿಯನ್‌ಶಿಪ್ ಅನ್ನು ನಡೆಸುತ್ತದೆ. 2023ರ ನವೆಂಬರಿನಲ್ಲಿ ಈ ಕೂಟವು ಮಂಗಳೂರಿನ ಎಮ್ಮೆಕೆರೆಯಲ್ಲಿ ಹೊಸದಾಗಿ ನಿರ್ಮಾಣವಾದ ಅಂತಾರಾಷ್ಟ್ರೀಯ ಮಟ್ಟದ ಈಜುಕೊಳದಲ್ಲಿ ನಡೆಯಿತು.

ಕೊಳದ ನಿಯಮಗಳನ್ನು ಸ್ಪರ್ಧೆಯ ನಿಯಮಗಳೊಂದಿಗೆ ಬೆರೆಸುವುದು ಸಾಮಾನ್ಯ. ಬೆಂಗಳೂರು ಮೊದಲಾದ ನಗರಗಳ ಈಜುಕೊಳಗಳಲ್ಲಿ ನೈಲಾನ್ ಅಥವಾ ಲೈಕ್ರಾ ಉಡುಪು ಹಾಗೂ ಟೋಪಿಯನ್ನು ಕಡ್ಡಾಯ ಮಾಡಿರುತ್ತಾರೆ. ಹತ್ತಿಯ ಬಟ್ಟೆಯ ಎಳೆಗಳು ಹಾಗೂ ಉದುರಿದ ಕೂದಲು ನೀರು ಶುದ್ಧೀಕರಿಸುವ ಯಂತ್ರವನ್ನು ಕಟ್ಟಿಹಾಕುತ್ತವೆ ಎಂಬುದು ಇದಕ್ಕೆ ಕಾರಣ. ಇದು ನೈರ್ಮಲ್ಯದ ನಿಯಮವೇ ಹೊರತು ಸ್ಪರ್ಧೆಯ ಮಾನಕವಲ್ಲ. ಹಾಗೆಯೇ, ತೋಳು ಮತ್ತು ಕಣಕಾಲುಗಳನ್ನು ಮುಚ್ಚುವ ಉಡುಪಿನಲ್ಲಿ ಅಭ್ಯಾಸ ಮಾಡುವ ಮಹಿಳೆಯರು ಬಹಳ ಮಂದಿ ಇದ್ದಾರೆ. ನಿತ್ಯದ ಈಜಿಗೆ ಅಂಥ ಉಡುಪಿನಿಂದ ತೊಂದರೆಯಿಲ್ಲ. ಆದರೆ ಅಂತಾರಾಷ್ಟ್ರೀಯ ನಿಯಮದ ಸ್ಪರ್ಧೆಯಲ್ಲಿ ಅದು ಮೊಣಕಾಲು ಮತ್ತು ಭುಜದ ಮಿತಿಗಳನ್ನು ದಾಟುತ್ತದೆ. ಆದ್ದರಿಂದ ಹೆಸರು ನೋಂದಾಯಿಸುವ ಹಂತದಲ್ಲಿಯೇ ಸಂಘಟಕರೊಂದಿಗೆ ಅನುಮತಿಯ ವಿಚಾರ ಇತ್ಯರ್ಥಪಡಿಸಿಕೊಳ್ಳುವುದು ಸೂಕ್ತ.

ಪರಿಣಾಮ ಮತ್ತು ಚರ್ಚೆ

2010ರ ನಿಷೇಧದ ಬಳಿಕ, ಅದಕ್ಕೂ ಮುನ್ನ ಪಾಲಿಯುರೇಥೇನ್ ಉಡುಪಿನಲ್ಲಿ ನಿರ್ಮಾಣವಾದ ದಾಖಲೆಗಳನ್ನು ರದ್ದುಪಡಿಸಲಿಲ್ಲ. ಆಗಿನ ನಿಯಮಗಳ ಪ್ರಕಾರ ಅವು ಸಕ್ರಮವಾಗಿದ್ದವು. ರೋಮ್‌ನಲ್ಲಿ ಬೀಡರ್‌ಮನ್ ನಿರ್ಮಿಸಿದ 200 ಮೀಟರ್ ಫ್ರೀಸ್ಟೈಲ್ ದಾಖಲೆ 2024ರ ಪ್ಯಾರಿಸ್ ಒಲಿಂಪಿಕ್ಸ್ ಮುಗಿದಾಗಲೂ ಮುರಿಯದೆ ಉಳಿದಿತ್ತು.

ಬಟ್ಟೆಯ ಉಡುಪುಗಳಲ್ಲಿಯೂ ತಂತ್ರಜ್ಞಾನದ ಪೈಪೋಟಿ ನಿಂತಿಲ್ಲ. ಮಿತಿಯೊಳಗೇ ಬಿಗಿತ ಹಾಗೂ ನೀರು ಹೀರದ ಗುಣವನ್ನು ಹೆಚ್ಚಿಸಿದ ದುಬಾರಿ ಉಡುಪುಗಳು ಮಾರುಕಟ್ಟೆಯಲ್ಲಿವೆ. ಅಮೆರಿಕದ ಈಜು ಸಂಸ್ಥೆಯು 2020ರ ಸೆಪ್ಟೆಂಬರಿನಿಂದ 12 ವರ್ಷ ಹಾಗೂ ಅದಕ್ಕಿಂತ ಚಿಕ್ಕ ಮಕ್ಕಳಿಗೆ ಇಂಥ ಉಡುಪುಗಳನ್ನು ನಿರ್ಬಂಧಿಸಿತು. ವಯಸ್ಕರಿಗೆ ಅಂಥ ನಿರ್ಬಂಧವಿಲ್ಲ. ಮಂಜೂರಾದ ಉಡುಪುಗಳ ನಡುವೆ ಆಯ್ಕೆಯನ್ನು ಅವರವರಿಗೇ ಬಿಡಲಾಗಿದೆ.